ಅಸಲಿ ಬೇಕೋ, ಓಡೋದು ಬೇಕೋ?

ಬೀದರ ಜಿಲ್ಲೆಯ ನಮ್ಮ ಎಕಂಬಾದಲ್ಲಿ ಎತ್ತು ಕೊಳ್ಳಲು ಹೋದ ರೈತ ಮೊದಲು ರೇಟು ಕೇಳುವುದಿಲ್ಲ. ಎತ್ತಿನ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತಾನೆ. ಹಣೆಯ ಸುಳಿ ಎಲ್ಲಿದೆ, ಬೆನ್ನಿನದು ಯಾವ ಕಡೆ ತಿರುಗಿದೆ, ಹಲ್ಲೆಷ್ಟು ಬಂದಿವೆ, ಎಲ್ಲ ತಪಾಸಣೆಯಾಗಬೇಕು. ದೇವಣಿ ತಳಿಯಾದರಂತೂ ಪರೀಕ್ಷೆ ಇನ್ನೂ ಬಿಗಿ. ಬಿಳಿ ಮೈ, ಮುಖದ ಎರಡು ಬದಿಗೆ ಕಪ್ಪು ಇದ್ದರೆ ವಾನೆರಾ. ಅಪ್ಪಟ ಬಿಳಿಯಾದರೆ ಬಾಲಂಕ್ಯಾ. ಬಿಳಿ ಮೈಮೇಲೆ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೆವರಾ. ದೇವಣಿ ಊರು ಇರುವುದು ಗಡಿಯಾಚೆ, ಲಾತೂರ ಜಿಲ್ಲೆಯಲ್ಲಿ. ಹೀಗಾಗಿ ಈ ವಿದ್ಯೆ ಔರಾದ ಸೀಮೆಯವರಿಗೆ ಯಾರೂ ಕಲಿಸಬೇಕಿಲ್ಲ. ಗುರುತು ಸರಿಯಿಲ್ಲದ ಎತ್ತು ಎಷ್ಟೇ ಚೆನ್ನಾಗಿ ಗಳೆ ಹೊಡೆಯಲಿ, ಮನೆಗೆ ಬರುವುದಿಲ್ಲ. ಇಂಥ ಊರಿನವರು, ಹಳೆಯ ಫಿಯೆಟ್ ಕಾರಿನ ಸಾಮಾನಿನ ಮೇಲೆ ಯಾವ ಕಂಪನಿಯ ಅಕ್ಷರ ಅಚ್ಚಾಗಿದೆಯೆಂದು ಭೂತಗನ್ನಡಿ ಹಿಡಿದು ನೋಡುವವನಿಗೆ ಹುಚ್ಚು ಹಿಡಿದಿದೆ ಅನ್ನಬಾರದಿತ್ತು. ಅಂದರು.

ಕಾರು ನನ್ನದಲ್ಲ, ಕಾಕಾನದು. ಅದಕ್ಕೆ ಅಸಲಿ ಸಾಮಾನು ಹಾಕಿ ಮೊದಲಿನಂತೆ ಮಾಡುವ ಹುಚ್ಚು ಮಾತ್ರ ಪೂರ್ತಿ ನನ್ನದು. 1968ರ ಫಿಯೆಟ್ 1100 ಡಿಲೈಟ್. 1089 ಸಿಸಿ ಎಂಜಿನ್, ಗೇರು ಸ್ಟೇರಿಂಗಿನ ಪಕ್ಕದಲ್ಲಿ. ಕಾಕಾ ಅದನ್ನು ಹೈದರಾಬಾದಿನ ಒಬ್ಬ ವಕೀಲರಿಂದ ಸೆಕೆಂಡ್ ಹ್ಯಾಂಡ್ ತಂದಾಗ ಅದು ಎಕಂಬಾದ ಓಣಿಗಳಲ್ಲಿ ಎತ್ತಿನ ಬಂಡಿಗೆ ದಾರಿ ಬಿಡುತ್ತ, ಮದುವೆಗಳಲ್ಲಿ ಮದುಮಗನನ್ನು ಹೊರುತ್ತ ಮೆರೆಯಿತು. ಆಮೇಲೆ ಜೀಪು ಬಂತು, ಬೊಲೆರೊ ಬಂತು. ಫಿಯೆಟ್ ಕೊಟ್ಟಿಗೆ ಸೇರಿತು, ಅದರ ಹಿಂದಿನ ಸೀಟಿನಲ್ಲಿ ಕೋಳಿಗಳು ಸಂಸಾರ ಹೂಡಿದವು.

ಈ ಕಾರಿನ ಹಿಂದೆ ನಮ್ಮವರದೇ ಒಂದು ಕಥೆಯಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಕಾರು ಕಾರ್ಖಾನೆಯ ಯೋಜನೆ ಹಾಕಿಕೊಟ್ಟಿದ್ದರು. ಅದನ್ನು ಕೈಗೆತ್ತಿಕೊಂಡವರು ಸೊಲ್ಲಾಪುರದಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನದಲ್ಲಿ ಕಾರ್ಖಾನೆ ತೆರೆಯಬೇಕೆಂದಿದ್ದರು, ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಕೊನೆಗೆ 1944ರಲ್ಲಿ ಮುಂಬೈಯಲ್ಲಿ, ಮುಂದೆ ಈ ಫಿಯೆಟ್ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಶುರುವಾಯಿತು. ಹಾಗಾಗದೆ ಹೋಗಿದ್ದರೆ ನಾನು ಸಾಮಾನಿಗಾಗಿ ಅವರ ಕಾರ್ಖಾನೆಯಿದ್ದ ಕುರ್ಲಾದ ಕಡೆ ನೋಡುವ ಬದಲು ಬೆಂಗಳೂರಿನ ಕಡೆ ನೋಡುತ್ತಿದ್ದೆ. ಎರಡೂ ಎಕಂಬಾದಿಂದ ದೂರವೇ, ಆ ಮಾತು ಬೇರೆ.

ಪ್ರೀಮಿಯರ್‌ನವರು ಒಂದೇ ಕಾರಿಗೆ ಮೂರು ಹೆಸರಿಟ್ಟದ್ದು ನನ್ನ ತಲೆನೋವಿನ ಮೂಲ. ಮೊದಲು ಫಿಯೆಟ್ 1100 ಡಿಲೈಟ್, 1970ರ ದಶಕದ ಆರಂಭದಲ್ಲಿ ಪ್ರೀಮಿಯರ್ ಪ್ರೆಸಿಡೆಂಟ್, 1974ರಿಂದ ಪ್ರೀಮಿಯರ್ ಪದ್ಮಿನಿ. ಗೋತ್ರ ಒಂದೇ, ಎದೆಯ ಮೇಲಿನ ಬಿಲ್ಲೆ ಬೇರೆ. ಎಂಬತ್ತರ ದಶಕದಲ್ಲಿ ಹಳೆಯ ಫಿಯೆಟ್ ಇದ್ದವರೆಲ್ಲ ಅದು ಹೊಸದಾಗಿ ಕಾಣಲೆಂದು ಪದ್ಮಿನಿಯ ಜಾಲರಿ, ಪದ್ಮಿನಿಯ ಬಿಲ್ಲೆ ಹಾಕಿಸಿಕೊಂಡರು. ಕಾಕಾನೂ ಹಾಕಿಸಿದ. ತೆಗೆದ ಅಸಲಿ ಬಿಲ್ಲೆಯನ್ನು ಯಾವನೋ ಗುಜರಿಯವನಿಗೆ ಉಳ್ಳಾಗಡ್ಡಿಯ ಬದಲಿಗೆ ಕೊಟ್ಟನಂತೆ. ಈಗ ಅದೇ ಜನ ಪದ್ಮಿನಿಯನ್ನು ಕಿತ್ತು ಫಿಯೆಟ್ ಹುಡುಕುತ್ತಿದ್ದಾರೆ. ಆ ಒಂದು ಬಿಲ್ಲೆಗೆ ಇಂದು ಕೇಳುವ ರೊಕ್ಕದಲ್ಲಿ ವರ್ಷವಿಡೀ ಉಳ್ಳಾಗಡ್ಡಿ ತಿನ್ನಬಹುದು, ಅದೂ ರೇಟು ಏರಿದಾಗ.

ಬಿಲ್ಲೆ ಹೋಗಲಿ ಎಂದುಕೊಂಡರೆ ಒಳಗಿನ ಸಾಮಾನು ಬಿಡಬೇಕಲ್ಲ. ಪ್ರೀಮಿಯರ್‌ನ ಸ್ವಂತ ಸಾಮಾನಿನ ಮೇಲೆ ಪಿ.ಎ.ಎಲ್. ಎಂದಿರಬೇಕು. ಡೈನಮೋ, ಸ್ಟಾರ್ಟರ್ ಮೇಲೆ ಮದ್ರಾಸಿನ ಪಾಡಿಯ ಲೂಕಾಸ್-ಟಿವಿಎಸ್ ಗುರುತು. ಸ್ಪಾರ್ಕ್ ಪ್ಲಗ್ಗಿನ ಮೇಲೆ ಮೈಕೋ. ಇದು 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. ಆಡುಗೋಡಿ ಎಂದರೆ ಮೈಕೋ ಎನ್ನುವಷ್ಟು ಹೆಸರಾಗಿತ್ತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೇಲೆ ಮೈಕೋ ಅಚ್ಚಿನ ಪ್ಲಗ್ಗಿಗೆ ಪ್ರಾಚ್ಯವಸ್ತುವಿನ ಘನತೆ ಬಂತು. ಹೊಸ ಪ್ಲಗ್ಗು ಅದಕ್ಕಿಂತ ಚೆನ್ನಾಗಿ ಕಿಡಿ ಹಾರಿಸುತ್ತದೆ. ಆದರೆ ಬಾನೆಟ್ ಎತ್ತಿ ನೋಡುವವನು ಕಿಡಿ ನೋಡುತ್ತಾನೆಯೆ? ಅಕ್ಷರ ನೋಡುತ್ತಾನೆ.

ಸಿಕಂದರಾಬಾದಿನ ರಾಣಿಗಂಜ್ ನಮಗೆ ಹತ್ತಿರದ ದೊಡ್ಡ ಸ್ಪೇರ್ ಪಾರ್ಟ್ಸ್ ಪೇಟೆ. ಅಲ್ಲಿಯ ಒಂದು ಅಂಗಡಿಯ ಮುದುಕರು ನನ್ನ ಪಟ್ಟಿಯನ್ನು ಕನ್ನಡಕದ ಮೇಲಿಂದ ಓದಿದರು. ಓದಿ, "ಬೇಟಾ, ಅಸಲಿ ಹೋನಾ ಕಿ ಚಲ್ನೇವಾಲಾ ಹೋನಾ?" ಎಂದರು. ಅಸಲಿ ಬೇಕೋ, ಓಡೋದು ಬೇಕೋ? ಎರಡೂ ಒಂದೇ ಸಾಮಾನಿನಲ್ಲಿ ಸಿಗಬಹುದೆಂಬ ನನ್ನ ಆಸೆ ಅವರಿಗೆ ಬಹಳ ಎಳಸಾಗಿ ಕಂಡಿರಬೇಕು. ಚಹಾ ತರಿಸಿದರು.

ಆ ಚಹಾದ ಜೊತೆ ಸಿಕ್ಕ ಪಾಠ ದೊಡ್ಡದು. ನಕಲಿ ಮಾಲಿನ ಮೇಲೆ ಗುರುತು ಯಾವಾಗಲೂ ಅಸಲಿಗಿಂತ ಸ್ಪಷ್ಟ. ಅಸಲಿಯ ಅಕ್ಷರ ಎಣ್ಣೆ, ಮಸಿ, ಮೇಸ್ತ್ರಿಯ ಪಾನಾ ತಿಂದು ತಿಂದು ಸವೆದಿರುತ್ತದೆ. ನಕಲಿಯದು ಹೊಸ ಪಾಟಿಯ ಮೇಲಿನ ಅ ಆ ಇ ಈಯಂತೆ ಫಳಫಳ. ಡಬ್ಬಿಯ ಮೇಲೆ 'ಓರಿಜಿನಲ್' ಎಂದು ದೊಡ್ಡದಾಗಿ ಬರೆದಿದ್ದರೆ ಅದು ಡುಪ್ಲಿಕೇಟ್ ಎಂದು ಕಣ್ಣು ಮುಚ್ಚಿ ಹೇಳಬಹುದು. ಅಸಲಿ ಕಂಪನಿಗೆ ತಾನು ಅಸಲಿ ಎಂದು ಸಾರುವ ಕರ್ಮವೇನು? ಮುದುಕರು ತೋರಿಸಿದ ಒಂದು ಹಾರ್ನಿನ ಮೇಲೆ ಪ್ರಖ್ಯಾತ ಕಂಪನಿಯೊಂದರ ಹೆಸರಿನಲ್ಲಿ ಒಂದು ಅಕ್ಷರ ಕಡಿಮೆಯಿತ್ತು. "ಯೇ ಈಮಾನ್‌ದಾರ್ ನಕಲಿ ಹೈ," ಎಂದರು. ಪ್ರಾಮಾಣಿಕ ನಕಲಿ. ಪೂರ್ತಿ ಹೆಸರು ಕದಿಯಲು ಅದನ್ನು ಮಾಡಿದವನಿಗೆ ಮನಸ್ಸಾಗಿಲ್ಲವಂತೆ.

ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಎಲ್ಲೆಡೆ ಕೈಯಾಡಿಸಿದೆ. 2023ರ ಅಕ್ಟೋಬರ್ ಕೊನೆಗೆ ಮುಂಬೈಯ ಕಡೆಯ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿ ರಸ್ತೆಯಿಂದ ಇಳಿದಾಗ ಪತ್ರಿಕೆಗಳೆಲ್ಲ ಕಣ್ಣೀರು ಹಾಕಿದವು. ನಾನು, ಹೇಳಲು ನಾಚಿಕೆಯಿಲ್ಲ, ಅದರ ಬಾಗಿಲಿನ ಹ್ಯಾಂಡಲ್ ಎಲ್ಲಿಗೆ ಹೋಗಬಹುದೆಂದು ಲೆಕ್ಕ ಹಾಕುತ್ತಿದ್ದೆ.

ಬಿಲ್ಲೆ ಎಲ್ಲೂ ಸಿಗದಿದ್ದಾಗ ಪರಿಹಾರ ಸೂಚಿಸಿದ್ದು ಕಾಕಾ. "ಏನ್ ಊರೂರು ಹುಡುಕ್ಲತ್ತಿ? ಬೀದರದಾಗ ಬಿದರಿ ಮಾಡವ್ರು ಇದ್ದಾರಲ್ಲ, ಅವರ ಕಡೆ ಬರೆಸು." ಮಾತು ತಳ್ಳಿಹಾಕುವಂತಿರಲಿಲ್ಲ. ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವ ಕೈಗಳಿಗೆ ಇಟಲಿಯ ನಾಲ್ಕು ಅಕ್ಷರ ಯಾವ ಲೆಕ್ಕ? ಒಬ್ಬ ಕುಶಲಕರ್ಮಿಯ ಹತ್ತಿರ ಫೋಟೊ ತೆಗೆದುಕೊಂಡು ಹೋದೆ. ಅವರು ಬಹಳ ಹೊತ್ತು ನೋಡಿದರು. "ಮಾಡಿ ಕೊಡ್ತೀನ್ರಿ. ಖರೆ, ಅದು ಫಿಯೆಟ್ ಆಗಲ್ಲ, ಬಿದರಿ ಆಗ್ತದ. ನಿಮ್ಮ ಕಾರಿನಕಿಂತ ಬಿಲ್ಲಿಗೇ ಜಾಸ್ತಿ ಬೆಲಿ ಆಗ್ತದ," ಎಂದರು. ಜೊತೆಗೆ, ಪೇಟೆಯಲ್ಲಿ ಬಿದರಿಯ ನಕಲಿಗಳು ಹೇಗೆ ಬರುತ್ತಿವೆ, ಜಿಐ ಟ್ಯಾಗ್ ಇದ್ದೂ ಗಿರಾಕಿಗೆ ಅಸಲಿ ಯಾವುದೆಂದು ತಿಳಿಯುವುದಿಲ್ಲ ಎಂದು ತಮ್ಮ ಗೋಳು ಹೇಳಿಕೊಂಡರು. ಅಸಲಿ ಗುರುತಿಗಾಗಿ ಒದ್ದಾಡುವ ಮನುಷ್ಯನ ಹತ್ತಿರ ನಾನು ನಕಲಿ ಗುರುತು ಮಾಡಿಸಲು ಹೋಗಿದ್ದೆ. ಫೋಟೊ ಮಡಚಿ ಜೇಬಿಗಿಟ್ಟುಕೊಂಡು, ಒಂದು ಹೂದಾನಿ ಖರೀದಿಸಿ ಬಂದೆ.

ಬರುವಾಗ ಮಹಮೂದ್ ಗವಾನನ ಮದರಸಾದ ಮುಂದೆ ನಿಂತೆ. 1472ರ ಕಟ್ಟಡ. 1696ರ ಸ್ಫೋಟದಲ್ಲಿ ಮುಂಭಾಗದ ಒಂದು ಮಿನಾರು ಹೋಯಿತು, ಇನ್ನೊಂದು ನಿಂತಿದೆ. ಅದರ ಮೈಮೇಲಿನ ಬಣ್ಣದ ಬಿಲ್ಲೆಗಳಲ್ಲಿ ಉಳಿದಷ್ಟು ಉಳಿದಿವೆ, ಉದುರಿದ ಜಾಗ ಬೋಳಾಗಿದೆ. ನಿಂತ ಮಿನಾರಿಗೆ ಜೋಡಿ ತಂದು ನಿಲ್ಲಿಸಿ ಸೆಟ್ ಪೂರ್ತಿ ಮಾಡಬೇಕೆಂದು ಯಾರಿಗೂ ಅನ್ನಿಸಿಲ್ಲ. ಪುರಾತತ್ವ ಇಲಾಖೆಯವರಿಗಿರುವ ಈ ಸಮಾಧಾನ ಕಾರಿನವರಿಗೆ ಏಕಿಲ್ಲವೋ! ಅಮೆರಿಕದಲ್ಲಿ ಕಾರ್ವೆಟ್ ಕಾರುಗಳ ಒಂದು ಸಂಘವಿದೆ, 1974ರದು. ಅಲ್ಲಿಯ ತೀರ್ಪುಗಾರರು ಒಂದು ಕಾರಿಗೆ 4510 ಅಂಕಗಳ ಪರೀಕ್ಷೆ ನಡೆಸುತ್ತಾರೆ. ಕಿಟಕಿ ಗಾಜಿನ ಮೂಲೆಯ ತಾರೀಖು ಕಾರು ತಯಾರಾದ ತಾರೀಖಿಗೆ ಹೊಂದಬೇಕು. ಬೋಲ್ಟಿನ ತಲೆ, ರಬ್ಬರ್ ಪೈಪಿನ ಕ್ಲಿಪ್ಪು ಸಹ ಸಾಕ್ಷಿ ಹೇಳಬೇಕು. ಇದನ್ನು ಕಾಕಾನಿಗೆ ಓದಿ ಹೇಳಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಶಾಣ್ಯಾ ಮಂದಿ. ಸುಳಿ ನೋಡ್ಲತ್ತಾರ," ಎಂದ.

ನಮ್ಮ ಸರ್ಕಾರ ಇಷ್ಟು ಕಟ್ಟುನಿಟ್ಟಲ್ಲ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಬದಲಿಸದ ಗಾಡಿಗೆ ವಿಂಟೇಜ್ ಪಟ್ಟ ಸಿಗುತ್ತದೆ. ಹೊಸದಾಗಿ ನೋಂದಾಯಿಸಿದರೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಎಂಬ ಅಕ್ಷರ. ಪ್ಲಗ್ಗಿನ ಮೇಲೆ ಮೈಕೋ ಇದೆಯೇ ಎಂದು ಆರ್‌ಟಿಒ ಕೇಳುವುದಿಲ್ಲ. ಆದರೆ ಒಂದು ಷರತ್ತಿದೆ: ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು.

ಕಾಕಾ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಂದ್ರ ಔರಾದ ಸಂತಿಗಿ ಒಯ್ಯಂಗಿಲ್ಲ?"

"ಇಲ್ಲ ಕಾಕಾ."

"ಪೆಟ್ರೋಲ್ ಹಾಕ್ಸಲಿಕ್ಕ ಔರಾದಕ್ಕ ಹೋಗಬಹುದಲ್ಲ?"

"ಹೋಗಬಹುದು."

"ಹೋದ ಮ್ಯಾಲ, ಬರ್ತಾ ಒಂದ್ ಕಿಲೋ ಬದನಿಕಾಯಿ ತಂದ್ರ ಯಾವ ಕಾಯ್ದಾ ತಡೀತದ?"

ವಿಎ ನಂಬರಿಗೆ ಅರ್ಜಿ ಇನ್ನೂ ಹಾಕಿಲ್ಲ, ಬಿಲ್ಲೆಯೂ ಸಿಕ್ಕಿಲ್ಲ. ಕಾಕಾ ಮಾತ್ರ ಈಗಿನಿಂದಲೇ ಟಾಕಿಯಲ್ಲಿ ಎರಡು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಇರಗೊಡುತ್ತಿಲ್ಲ.