ವಾನ್ಲೆಸ್ ಎಂಬ ಅಡ್ಡಹೆಸರು: ಮೂಲ, ಅರ್ಥ ಹಾಗೂ ಮಿರಜ ಪ್ರಾಂತ್ಯದಲ್ಲಿ ಅದರ ಪ್ರಚಾರ

ಕೃಷ್ಣಾ ತೀರದ ಸಾಂಗ್ಲಿಗೂ ಅದರ ನೆರೆಯ ಮಿರಜಿಗೂ ನಡುವೆ ಹರಡಿಕೊಂಡಿರುವ ಭೂಭಾಗವು ಅಡ್ಡಹೆಸರುಗಳ ಅಧ್ಯಯನಕ್ಕೆ ಅತ್ಯಂತ ಫಲವತ್ತಾದುದಾದರೂ, ಅಲ್ಲಿಯ ಅರಿಶಿನ, ದ್ರಾಕ್ಷಿ ಮತ್ತು ಸಿತಾರುಗಳ ಮೇಲೆ ಬಿದ್ದಷ್ಟು ವಿದ್ವಾಂಸರ ಕಣ್ಣು ಈ ಬೆಳೆಯ ಮೇಲೆ ಬಿದ್ದಿಲ್ಲ. ಅಡ್ಡಹೆಸರು ಎಂದರೆ, ಒಂದೇ ಹೆಸರನ್ನು ಕೂಗಿದಾಗ ಒಂದಕ್ಕಿಂತ ಹೆಚ್ಚು ಜನ ಓಗೊಡುವ ಊರಿನಲ್ಲಿ, ಬೇಕಾದವನನ್ನು ಬೇಡದವರಿಂದ ಬೇರ್ಪಡಿಸಲು ಹೆಸರಿನ ಜೊತೆಗೆ ಹಚ್ಚುವ ಮನೆತನದ ಗುರುತು. ಮರಾಠಿಯಲ್ಲಿ ಇದನ್ನು ಆಡನಾವ್ ಎನ್ನುತ್ತಾರೆ. ಈ ಪ್ರಾಂತ್ಯದಲ್ಲಿ ಪಾಟೀಲ ಎಂದು ಕೂಗಿದರೆ ಇಡೀ ಬಸ್ ನಿಲ್ದಾಣವೇ ತಿರುಗಿ ನೋಡುವುದರಿಂದ ಆ ಉದ್ದೇಶ ಪೂರ್ತಿಯಾಗಿ ಈಡೇರಿದೆ ಎನ್ನಲಾಗದು. ಆದರೆ ಶಾಸ್ತ್ರವು ಉದ್ದೇಶವನ್ನು ನೋಡುತ್ತದೆಯೇ ಹೊರತು ಬಸ್ ನಿಲ್ದಾಣವನ್ನಲ್ಲ.

ಈ ವಿಷಯದ ಗೊಡವೆ ಕನ್ನಡ ಓದುಗರಿಗೆ ಏಕೆ ಎಂಬ ಆಕ್ಷೇಪಕ್ಕೆ ಮೊದಲೇ ಸಮಾಧಾನ ಹೇಳಬೇಕಾಗುತ್ತದೆ. ತೇರದಾಳ, ಶಿರಹಟ್ಟಿ ಮತ್ತು ಬೆಳಗಾವಿಗೆ ಹತ್ತಿಕೊಂಡಿರುವ ಶಹಾಪುರ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದವು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿತ್ತು, ಜತ್ತ ತಾಲೂಕಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತು. ಇವೆಲ್ಲಕ್ಕಿಂತ ಬಲವಾದ ಸಂಬಂಧವೆಂದರೆ, ಅಥಣಿ, ರಾಯಬಾಗ, ಚಿಕ್ಕೋಡಿ, ಜಮಖಂಡಿ ಕಡೆಯ ಮನೆಗಳಲ್ಲಿ ಊರಿನ ಡಾಕ್ಟರು ಕೈಚೆಲ್ಲಿದ ಮರುಕ್ಷಣ ಹಿರಿಯರೊಬ್ಬರ ಬಾಯಿಂದ ಹೊರಡುತ್ತಿದ್ದ ಮಾತು “ಮಿರಜಿಗೆ ಒಯ್ಯಿರಿ” ಎಂಬುದೇ ಆಗಿತ್ತು.

ಪ್ರಾಂತ್ಯದ ಹೆಸರುಗಳನ್ನು ಆಳುವ ಮೂಲ ನಿಯಮವನ್ನು ಇಲ್ಲಿ ಕರ-ನ್ಯಾಯ ಎಂದು ಕರೆಯಲಾಗುವುದು. ಊರಿನ ಹೆಸರಿಗೆ ‘ಕರ’ ಎಂಬ ಪ್ರತ್ಯಯ ಹಚ್ಚಿದರೆ ಆ ಊರಿನ ಮನುಷ್ಯ ಸಿದ್ಧನಾಗುತ್ತಾನೆ ಎಂಬುದು ಇದರ ಸಾರ. ಮಿರಜದಿಂದ ಮಿರಜಕರ ಆದದ್ದು ಹೀಗೆ. ಮೀರತ್ ಪಿತೂರಿ ಮೊಕದ್ದಮೆಯ ಆರೋಪಿಯಾಗಿದ್ದು ಮುಂದೆ ಮುಂಬಯಿಯ ಮೇಯರ್ ಆದ ಎಸ್. ಎಸ್. ಮಿರಜಕರ ಅವರು ಈ ಹೆಸರನ್ನು ಅರಬ್ಬಿ ಸಮುದ್ರದವರೆಗೆ ಕೊಂಡೊಯ್ದರು. ಸಂಗೀತಗಾರ ವಿಷ್ಣು ದಿಗಂಬರ ಪಲುಸ್ಕರ ಅವರ ಮನೆತನ ಮೂಲತಃ ಗಾಡಗೀಳ. ಸಾಂಗ್ಲಿ ಜಿಲ್ಲೆಯ ಪಲುಸ ಎಂಬ ಊರು ಆ ಗಾಡಗೀಳವನ್ನು ನುಂಗಿ ಪಲುಸ್ಕರ ಎಂದು ತೇಗಿತು. ಈ ನ್ಯಾಯ ಭಾಷೆಯ ಗಡಿಯನ್ನೂ ಲೆಕ್ಕಿಸುವುದಿಲ್ಲ. ಅಪ್ಪಟ ಕನ್ನಡ ಊರಾದ ಕುಂದಗೋಳದ ರಾಮಭಾವು, ಅಂದರೆ ಗಾಯಕ ಸವಾಯಿ ಗಂಧರ್ವರು, ಕುಂದಗೋಳಕರ ಎನಿಸಿಕೊಂಡರು. ಅವರ ಗುರು ಅಬ್ದುಲ್ ಕರೀಮ್ ಖಾನರ ಮಗಳು ಹೀರಾಬಾಯಿ ಮಿರಜಿನಲ್ಲಿ ಹುಟ್ಟಿಯೂ ಬಡೋದೆಯ, ಅಂದರೆ ಬರೋಡಾದ, ಹೆಸರಿನಿಂದ ಬಡೋದೇಕರ ಎನಿಸಿಕೊಂಡರು. ಕನ್ನಡಿಗರಾದರೋ ಪ್ರತ್ಯಯದ ಖರ್ಚಿಲ್ಲದೆ ಊರಿನ ಹೆಸರನ್ನೇ ಎತ್ತಿ ತಮ್ಮ ಹೆಸರಿನ ಮುಂದಿಟ್ಟುಕೊಳ್ಳುವ ಮಿತವ್ಯಯಿಗಳು. ಶೇಡಬಾಳದ ಕಾದಂಬರಿಕಾರ ಮಿರ್ಜಿ ಅಣ್ಣಾರಾಯರನ್ನು ಇದಕ್ಕೆ ಉದಾಹರಿಸಬಹುದಿತ್ತು. ಆದರೆ ಮಿರ್ಜಿ ಎಂಬ ಹೆಸರಿನ ಹಳ್ಳಿಯೊಂದು ಮುಧೋಳದ ಕಡೆಯೂ ಇದ್ದು, ಅಲ್ಲಿಯವರು ತಕರಾರು ತೆಗೆಯುವ ಸಂಭವವಿರುವುದರಿಂದ ಆ ಪ್ರಕರಣವನ್ನು ಮುಂದಿನ ಸಂಶೋಧಕರಿಗೆ ಬಿಡುವುದು ಕ್ಷೇಮ.

ಕರ ಇಲ್ಲದ ಹೆಸರುಗಳೂ ಉಂಟು. ಜತ್ತದ ಅರಸರು ಮೂಲದಲ್ಲಿ ಚವಾಣರಾಗಿದ್ದು ಡಫಳಾಪುರದಿಂದ ಡಫಳೆ ಆದರು. ಮುಧೋಳದ ಘೋರ್ಪಡೆಯವರು ಘೋರ್ಪಡ್, ಅಂದರೆ ಉಡವನ್ನು ಕೋಟೆಯ ಗೋಡೆಗೆ ಹತ್ತಿಸಿ, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಮೇಲೇರಿದವರ ವಂಶದವರೆಂಬ ಐತಿಹ್ಯವಿದೆ. ಇವು ಹೇಗೇ ಇರಲಿ, ಈ ಸೀಮೆಯಲ್ಲಿ ಊರು ಮನುಷ್ಯನಿಗೆ ಹೆಸರು ಕೊಡುತ್ತದೆ, ತಪ್ಪಿದರೆ ಪ್ರಾಣಿ ಕೊಡುತ್ತದೆ. ಮನುಷ್ಯನ ಅಡ್ಡಹೆಸರೇ ಊರಿಗೆ ಅಂಟಿದ, ಅದೂ ಒಂದು ದವಾಖಾನೆಯ ಮೂಲಕ ಅಂಟಿದ, ವಿಲೋಮ ಪ್ರಕರಣವೇ ಈ ಪ್ರಬಂಧದ ವಸ್ತು.

ವಿಲಿಯಂ ಜೇಮ್ಸ್ ವಾನ್ಲೆಸ್ ಅವರು 1865ರಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯಕೀಯ ಕಲಿತು, ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ವತಿಯಿಂದ 1889ರಲ್ಲಿ ಭಾರತಕ್ಕೆ ಬಂದು, ಮೊದಲು ಸಾಂಗ್ಲಿಯಲ್ಲಿ ಚಿಕ್ಕದೊಂದು ಔಷಧಾಲಯ ನಡೆಸಿ, ಬಳಿಕ ಮಿರಜಿಗೆ ಸರಿದು, 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ಅದು ಬೆಳೆಯುತ್ತ ಹೋಗಿ, ಜೊತೆಗೊಂದು ವೈದ್ಯಕೀಯ ಶಾಲೆಯೂ, ಸಾಂಗ್ಲಿ–ಮಿರಜ ರಸ್ತೆಯ ಬದಿಯಲ್ಲಿ ಕ್ಷಯರೋಗಿಗಳ ಆರೋಗ್ಯಧಾಮವೂ ಹುಟ್ಟಿಕೊಂಡವು. ಆ ಆರೋಗ್ಯಧಾಮದ ಆಸುಪಾಸೇ ವಾನ್ಲೆಸ್‌ವಾಡಿ. ಆಸ್ಪತ್ರೆಗೂ ಅವರ ಹೆಸರೇ ಬಂತು. 1928ರಲ್ಲಿ ಬ್ರಿಟಿಷ್ ಸರಕಾರ ಅವರಿಗೆ ಸರ್ ಪದವಿ ಕೊಟ್ಟಿತು. ಈ ಸೀಮೆಯಲ್ಲಿ ಗಣಿತದ ಮಾಸ್ತರರಿಂದ ಹಿಡಿದು ಟ್ಯೂಷನ್ ಹೇಳುವವರವರೆಗೆ ಎಲ್ಲರೂ ಸರ್ ಆಗಿರುವುದರಿಂದ ಇಂದಿನವರಿಗೆ ಅದರ ಘನತೆ ಹೊಳೆಯುವುದು ಕಷ್ಟ. 1933ರಲ್ಲಿ ಅವರು ತೀರಿಕೊಂಡರು. ಚರಿತ್ರೆ ಇಷ್ಟು ಸಾಕು. ಹೆಸರಿನ ಅರ್ಥವೇ ಇಲ್ಲಿ ಮುಖ್ಯ.

ಅರ್ಥನಿರ್ಣಯದಲ್ಲಿ ಮೊದಲು ಪೂರ್ವಪಕ್ಷವನ್ನು, ಅಂದರೆ ತಳ್ಳಿಹಾಕುವುದಕ್ಕೆಂದೇ ಆದರದಿಂದ ಕರೆತಂದು ಕೂರಿಸುವ ಎದುರಾಳಿಯ ವಾದವನ್ನು, ಮಂಡಿಸುವುದು ಸಂಪ್ರದಾಯ. ಮರಾಠಿಯಲ್ಲಿ ವಾನವಾ ಎಂದರೆ ಕೊರತೆ. ಇಂಗ್ಲಿಷಿನ ಲೆಸ್ ಎಂದರೆ ಇಲ್ಲದ್ದು. ಆದ್ದರಿಂದ ವಾನ್ಲೆಸ್ ಎಂದರೆ ಯಾವ ಕೊರತೆಯೂ ಇಲ್ಲದವನು, ಸುಖವಾಗಿರುವವನು ಎಂಬುದು ಒಂದು ವಾದವಾಗಬಹುದು. ಇದು ಕೇಳಲು ಎಷ್ಟು ಇಂಪಾಗಿದೆಯೋ ಅಷ್ಟೇ ಸುಳ್ಳು. ಸಹಾ ಗಲ್ಲಿ, ಅಂದರೆ ಆರು ಓಣಿ ಇದ್ದುದರಿಂದ ಸಾಂಗ್ಲಿ ಎಂಬ ಹೆಸರು ಬಂತೆಂದು ಹೇಳುವ ಜಾಣ್ಮೆಯ ತಮ್ಮನೇ ಇದು. ಎರಡನೆಯ ವಾದ ಇನ್ನೂ ದುರ್ಬಲವಾದುದು. ಈ ಹೆಸರನ್ನು ವ್ಯಾನ್‌ಲೆಸ್ ಎಂದು ಉಚ್ಚರಿಸುವವರೂ ಇರುವುದರಿಂದ ವ್ಯಾನ್ ಇಲ್ಲದವನು ಎಂಬ ಅರ್ಥವನ್ನು ಅದು ಹೇಳುತ್ತದೆ. ಆದರೆ ಜಗತ್ತಿನಲ್ಲಿ ಯಾರ ಬಳಿಯೂ ವ್ಯಾನ್ ಇಲ್ಲದಿದ್ದ ಕಾಲದಲ್ಲಿ ಆ ಕಾರಣಕ್ಕಾಗಿ ಒಂದೇ ಮನೆತನವನ್ನು ಆರಿಸಿ ಹೆಸರಿಡುವುದು ಅನ್ಯಾಯವಾಗುತ್ತಿತ್ತು.

ಇನ್ನು ಸಿದ್ಧಾಂತ. ಈ ಅಡ್ಡಹೆಸರು ಇಂಗ್ಲೆಂಡಿನ ಉತ್ತರ ತುದಿಯ ನಾರ್ತಂಬರ್‌ಲ್ಯಾಂಡ್ ಹಾಗೂ ಅದಕ್ಕೆ ತಾಗಿದ ಸ್ಕಾಟ್ಲೆಂಡಿನದು. ಜರ್ಮಾನಿಕ್ ಭಾಷೆಗಳು ಎಂಬ ದೊಡ್ಡ ಕುಟುಂಬದಲ್ಲಿ ಇಂಗ್ಲಿಷ್, ಜರ್ಮನ್, ಡಚ್‌ಗಳ ಜೊತೆಗೆ ಸ್ಕ್ಯಾಂಡಿನೇವಿಯದ ನುಡಿಗಳೂ ಸೇರುತ್ತವೆ. ಆ ನುಡಿಗಳ ಹಳೆಯ ರೂಪವಾದ ಪ್ರಾಚೀನ ನಾರ್ಸ್‌ನಲ್ಲಿ ವಾನ್ ಎಂದರೆ ಆಸೆ, ಭರವಸೆ. ಲೌಸ್ ಎಂದರೆ ಇಲ್ಲದ. ಹಡಗೇರಿ ಬಂದ ನಾರ್ಸ್ ಜನರು ಉತ್ತರ ಇಂಗ್ಲೆಂಡಿನಲ್ಲಿ ನೆಲೆಯೂರಿದಾಗ ಅವರ ನುಡಿಯೂ ಅಲ್ಲಿ ನೆಲೆಯೂರಿತು. ಹೀಗಾಗಿ ವಾನ್ಲೆಸ್ ಎಂಬುದು ಮೊದಲು ಯಾರಿಗೋ ಇಟ್ಟ ಅಡ್ಡಹೆಸರು, ನಿಂದೆಯ ಅರ್ಥದಲ್ಲೇ ಅಡ್ಡವಾದ ಹೆಸರು. ಅದರ ಅರ್ಥ: ಆಸೆಗೆಟ್ಟವನು, ದಿಕ್ಕುಗೆಟ್ಟವನು, ನತದೃಷ್ಟ. ಜರ್ಮನ್ನಿನಲ್ಲಿ ಇದೇ ವಾನ್ ಆಸೆಯಿಂದ ಜಾರಿ ಈಗ ಭ್ರಮೆ ಎಂಬ ಅರ್ಥಕ್ಕೆ ಬಂದು ನಿಂತಿದೆ. ಸಂಸ್ಕೃತದಲ್ಲಿ ಬಯಸು, ಗೆಲ್ಲು ಎಂಬ ಅರ್ಥದ ವನ್ ಧಾತುವೂ ಅದರಿಂದ ಬಂದ ವನಿತಾ ಎಂಬ ಪದವೂ ಇದೇ ಬೇರಿನವು ಎಂದು ಭಾಷಾಶಾಸ್ತ್ರ ಹೇಳುತ್ತದೆ; ಆದ್ದರಿಂದ ವಾನ್ಲೆಸ್ ಎಂಬ ಹೆಸರು ವೇದಕಾಲದಲ್ಲಿಯೇ ಕೃಷ್ಣಾ ತೀರದಿಂದ ಹೊರಟು, ನಾರ್ವೆಯನ್ನು ಸುತ್ತಿ, 1889ರಲ್ಲಿ ಹಡಗಿನಲ್ಲಿ ತವರಿಗೆ ಮರಳಿತೆಂದು ಸಾಧಿಸುವ ಉದ್ಗ್ರಂಥವೊಂದು ಯಾವ ಗಳಿಗೆಯಲ್ಲಾದರೂ ಹೊರಬೀಳಬಹುದು. ಹೆಸರಿಗೆ ವಾಂಡ್ಲೆಸ್ ಎಂಬ ಪಾಠಾಂತರವೂ ಇದೆ. ಕನ್ನಡದ ಸಂಧಿಯಲ್ಲಿ ಯಕಾರ ವಕಾರಗಳು ಕರೆಯದೆ ಬಂದು ಕೂರುವಂತೆ ಇಲ್ಲಿ ಡಕಾರ ಬಂದು ಕೂತಿದೆ. ಅದರಿಂದ ಮಂತ್ರದಂಡ ಇಲ್ಲದವನು ಎಂಬ ಹೊಸ ಅರ್ಥ ಹೊಳೆಯುವುದಾದರೂ, ಕತ್ತಿ ಹಿಡಿಯುವ ಶಸ್ತ್ರವೈದ್ಯನಿಗೆ ಅದು ಭೂಷಣವೇ ಹೊರತು ದೂಷಣೆಯಲ್ಲ.

ಈಗ ಸಮಸ್ಯೆಯ ಗಂಟು ಬಿಗಿಯಾಗುತ್ತದೆ. ಆಸೆ ಬಿಟ್ಟವರನ್ನು ಎತ್ತಿನಗಾಡಿಯಲ್ಲಿ, ರೈಲಿನಲ್ಲಿ ಹೊತ್ತು ತಂದ ದವಾಖಾನೆಯ ಫಲಕದ ಮೇಲೆ ಆಸೆಯಿಲ್ಲ ಎಂದೇ ಬರೆದಿದ್ದರೂ ಒಬ್ಬ ರೋಗಿಯೂ ಹೊಸ್ತಿಲಿಂದ ಹಿಂದಿರುಗದೆ ಇದ್ದುದಕ್ಕೆ ಕಾರಣವೇನು? ರೋಗಿಗಳಿಗೆ ಪ್ರಾಚೀನ ನಾರ್ಸ್ ಬರುತ್ತಿರಲಿಲ್ಲ ಎಂಬ ಉತ್ತರ ಸುಲಭವಾದುದು, ಆದ್ದರಿಂದಲೇ ವಿದ್ವತ್ತಿಗೆ ಒಗ್ಗದು. ಸರಿಯಾದ ಉತ್ತರ ದೊರೆಯುವುದು ತಿಪ್ಪಣ್ಣ-ನ್ಯಾಯದಲ್ಲಿ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಒಮ್ಮೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದೋ, ಇಲ್ಲವೆ ಕಲ್ಲಪ್ಪ, ಹುಚ್ಚಪ್ಪ ಎಂದೋ ಹೆಸರಿಡುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ಮರಾಠಿಯವರು ಇದೇ ಕೆಲಸಕ್ಕೆ ದಗಡೂ, ಧೋಂಡೂ, ಕೇರೂ ಎಂಬ ಹೆಸರುಗಳನ್ನು ಬಳಸುತ್ತಾರೆ. ಕಲ್ಲು, ಕಸ, ತಿಪ್ಪೆ ಎಂಬ ಹೆಸರು ಕೇಳಿದ ಯಮನು, ಇದು ತನ್ನ ದರ್ಜೆಗೆ ತಕ್ಕ ಸಾಮಾನಲ್ಲವೆಂದು ಮುಂದಿನ ಮನೆಗೆ ಹೋಗುತ್ತಾನೆ ಎಂಬುದು ಇದರ ತರ್ಕ. ಈ ತರ್ಕವನ್ನು ಒಪ್ಪಿದ ಮೇಲೆ, ಆಸೆಗೆಟ್ಟವನು ಎಂಬುದಕ್ಕಿಂತ ಉತ್ತಮವಾದ ಹೆಸರನ್ನು ದವಾಖಾನೆಗೆ ಹುಡುಕುವುದು ಅಸಾಧ್ಯ. ಸಂಜೀವಿನಿ, ಆಯುಷ್, ಜೀವನಜ್ಯೋತಿ ಎಂದು ಬರೆಸಿ ಯಮನ ಕಣ್ಣು ಕುಕ್ಕುವವರು ಈ ದೃಷ್ಟಿಯಿಂದ ದೊಡ್ಡ ಸಾಹಸಿಗಳೇ ಸರಿ.

ಜರ್ಮಾನಿಕ್ ಹೆಸರುಗಳು ಈ ಕಡೆ ಬಂದಾಗ ಅವುಗಳ ಅರ್ಥಕ್ಕೆ ಯಾರೂ ಕಿವಿಗೊಡದಿರುವುದು ವಾನ್ಲೆಸ್ ಒಂದರ ಪಾಡಲ್ಲ. ಮಿರಜಿನ ಆಸ್ಪತ್ರೆ ತೆರೆದ 1894ರಲ್ಲಿಯೇ ಮಂಗಳೂರಿನ ಬಾಸೆಲ್ ಮಿಶನ್ ಫರ್ಡಿನೆಂಡ್ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದಿತು. ಜರ್ಮನ್ನಿನಲ್ಲಿ ಕಿಟ್ಟೆಲ್ ಎಂದರೆ ಕೆಲಸಗಾರರು ತೊಡುವ ದೊಗಳೆ ಅಂಗಿ. ಆ ಅಂಗಿ ಹೊಲಿಯುವವರಿಗೆ ಬಂದ ಅಡ್ಡಹೆಸರದು. ಆ ಲೆಕ್ಕದಲ್ಲಿ ಧಾರವಾಡದ ಕಿಟ್ಟೆಲ್ ಕಾಲೇಜು ಅಂಗಿ ಕಾಲೇಜಾಗುತ್ತದೆ. ಅಂಗಡಿ, ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ ಮುಂತಾದ ಅಡ್ಡಹೆಸರುಗಳ ಸಂತೆಯಂತಿರುವ ಆ ಊರಿನಲ್ಲಿ ಅಂಗಿಗೂ ಒಂದು ಜಾಗ ಸಿಕ್ಕಿದ್ದು ಸಹಜವೇ. ಇನ್ನೂ ಹಿಂದೆ, 1843ರಲ್ಲಿ, ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದರೆ, ಅದೇ ವರ್ಷ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು ಸೀತಾ ಸ್ವಯಂವರವನ್ನು ಆಡಿ ಮರಾಠಿ ರಂಗಭೂಮಿಗೆ ನಾಂದಿ ಹಾಕಿದರು. ಎರಡು ಸಲ ಒದಗಿದ ಕಾಕತಾಳೀಯವನ್ನು ಸಿದ್ಧಾಂತವೆಂದು ಘೋಷಿಸಲು ಈ ಶಾಸ್ತ್ರದಲ್ಲಿ ಯಾವ ಅಡ್ಡಿಯೂ ಇಲ್ಲ: ಜರ್ಮಾನಿಕ್ ಹೆಸರೊಂದು ಮಂಗಳೂರಿನಲ್ಲಿ ಅಚ್ಚಾದಾಗಲೆಲ್ಲ ಸಾಂಗ್ಲಿ–ಮಿರಜಿನಲ್ಲಿ ಏನಾದರೊಂದು ಉದ್ಘಾಟನೆಯಾಗುತ್ತದೆ.

ಕಡೆಯದಾಗಿ ಪ್ರಚಾರದ ಪ್ರಮಾಣ. ನ್ಯಾಯಶಾಸ್ತ್ರದಲ್ಲಿ ಪ್ರಮಾಣವೆಂದರೆ ತಿಳಿವಳಿಕೆಯನ್ನು ಪಡೆಯುವ ಸಾಧನ. ಅವುಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಇಲ್ಲಿ ಸಾಕು. ಪ್ರತ್ಯಕ್ಷವೆಂದರೆ ಕಣ್ಣಿಗೆ ಕಂಡದ್ದು: ಆಸ್ಪತ್ರೆಯ ಹೆಸರಿನಲ್ಲಿ, ವಾಡಿಯ ಹೆಸರಿನಲ್ಲಿ, ಆ ವಾಡಿಯ ಅಂಗಡಿಗಳ ಫಲಕದ ಕೆಳಸಾಲಿನ ವಿಳಾಸದಲ್ಲಿ ವಾನ್ಲೆಸ್ ಇದ್ದೇ ಇದೆ, ದೇವನಾಗರಿಯಲ್ಲಿ ಬರೆಯುವ ಕೈಗಳು ವಾನಲೇಸ, ವಾನ್ಲೆಸ್, ವಾಲ್ನೆಸ್ ಎಂದು ತೋಚಿದಂತೆ ತಿದ್ದುತ್ತ ನಾರ್ಸ್ ಜನರಿಂದಾಗದ ಧ್ವನಿಪಲ್ಲಟಗಳನ್ನು ಒಂದೇ ರಸ್ತೆಯಲ್ಲಿ ಸಾಧಿಸಿವೆ. ಅನುಮಾನವೆಂದರೆ ಊಹೆ: ಈ ವಿಳಾಸಕ್ಕೆ ಕಾಗದ ಬರುವ ಮನೆಗಳೆಲ್ಲವೂ ಆ ಹೆಸರನ್ನು ದಿನಾಲು ಬರೆಯುತ್ತವೆ, ಆದ್ದರಿಂದ ಅಡ್ಡಹೆಸರಾಗಿ ಅಲ್ಲದಿದ್ದರೂ ಅಡ್ರೆಸ್ಸಾಗಿ ಅದು ನಾರ್ತಂಬರ್‌ಲ್ಯಾಂಡಿಗಿಂತ ಇಲ್ಲಿ ಹೆಚ್ಚು ಸವೆದಿದೆ ಎಂದು ಊಹಿಸಬಹುದು. ಶಬ್ದವೆಂದರೆ ನಂಬತಕ್ಕವರ ಮಾತು, ಮತ್ತು ಇಡೀ ಲೆಕ್ಕ ತಲೆಕೆಳಗಾಗುವುದು ಇಲ್ಲಿಯೇ. ಅಥಣಿಯಿಂದ ಮಿರಜಿಗೆ ಹೋಗುವ ಬಸ್ಸಿನಲ್ಲಿ ಬಗಲಲ್ಲಿ ಎಕ್ಸರೇ ಕವರು, ಕೈಯಲ್ಲಿ ರೊಟ್ಟಿಗಂಟು ಹಿಡಿದು ಕೂತ ಅಜ್ಜನನ್ನು ಪಕ್ಕದವರು “ಎಲ್ಲಿಗೆ ಹೊಂಟೀರಿ ಯಜಮಾನ್ರ?” ಎಂದು ಕೇಳಿದರೆ ಬರುವ ಉತ್ತರ “ಮಿಶನ್ ದವಾಖಾನಿಗ್ರಿ” ಎಂದೇ ಹೊರತು ವಾನ್ಲೆಸ್ ಎಂದಲ್ಲ. ಅಂದರೆ ಬಾಯಿಮಾತಿನಲ್ಲಿ ಹೆಸರು ಕರಗಿ ಮಿಶನ್ ಉಳಿದಿದೆ. ಬರವಣಿಗೆಯಲ್ಲಿ ಮಿಶನ್ ಸರಿದು ಹೆಸರು ಉಳಿದಿದೆ.

ಹೊರಜಗತ್ತಿನ ಸಾಕ್ಷ್ಯ ಒಂದನ್ನು ಬಿಡುವಂತಿಲ್ಲ. ನ್ಯೂಕಾಸಲ್‌ನಲ್ಲಿ ಹುಟ್ಟಿದ ಬ್ಯಾಂಕರ್ ಡೆರೆಕ್ ವಾನ್ಲೆಸ್ ಎಂಬವರು ಬ್ರಿಟನ್ನಿನ ಸರಕಾರಿ ಆರೋಗ್ಯ ಸೇವೆಗೆ ಮುಂದೆ ಎಷ್ಟು ಹಣ ಬೇಕಾದೀತೆಂದು ಲೆಕ್ಕ ಹಾಕಿ 2002ರಲ್ಲಿ ವರದಿ ಕೊಟ್ಟರು. ಅದಕ್ಕೆ ವಾನ್ಲೆಸ್ ವರದಿ ಎಂದೇ ಹೆಸರು. ಇದೇ ಗೃಹಸ್ಥರು ನಿರ್ದೇಶಕರಾಗಿದ್ದ ನಾರ್ದರ್ನ್ ರಾಕ್ ಬ್ಯಾಂಕು 2007ರಲ್ಲಿ ಮುಗ್ಗರಿಸಿ ಠೇವಣಿದಾರರು ಬೀದಿಯಲ್ಲಿ ಸಾಲುಗಟ್ಟಿ ನಿಂತರು. ತಿಪ್ಪಣ್ಣ-ನ್ಯಾಯ ಯಮನಿಗೆ ಅನ್ವಯಿಸುತ್ತದೆ, ಕುಬೇರನಿಗೆ ಅನ್ವಯಿಸುವುದಿಲ್ಲ ಎಂಬ ಉಪಸೂತ್ರವನ್ನು ಇದರಿಂದ ಹೊರಡಿಸಬಹುದು.

ಉಳಿದಿರುವುದು ಕರ-ನ್ಯಾಯದ ಬಾಕಿ ವಸೂಲಿ. ಊರಿನಿಂದ ಮನುಷ್ಯ ಸಿದ್ಧನಾಗುವುದಾದರೆ, ವಾನ್ಲೆಸ್‌ವಾಡಿಯಿಂದ ವಾನ್ಲೆಸ್‌ವಾಡೀಕರ ಸಿದ್ಧನಾಗಲೇಬೇಕು. ಆ ಅಡ್ಡಹೆಸರಿನಲ್ಲಿ ನಾರ್ಸ್ ಆಸೆ, ಅದರ ಅಭಾವ, ದೇಶಿಯ ವಾಡಿ ಮತ್ತು ಮರಾಠಿಯ ಕರ ನಾಲ್ಕೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ. ಈ ರೂಪ ಪ್ರಚಾರಕ್ಕೆ ಬರುವವರೆಗೆ ಶಾಸ್ತ್ರದ ಕೆಲಸ ನಿಲ್ಲಬಾರದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಅಜ್ಜ ಅಜ್ಜಿಯರ ಕಾಲದ ಮಿರಜ ದವಾಖಾನೆಯ ಕೇಸ್ ಪೇಪರ್ ಇದ್ದರೆ, ಅದರ ತಲೆಯ ಮೇಲೆ ವಾನ್ಲೆಸ್ ಎಂಬುದರ ಕಾಗುಣಿತ ಹೇಗಿದೆ ಎಂಬುದನ್ನು ದಯವಿಟ್ಟು ಬರೆದಿಟ್ಟುಕೊಳ್ಳಬೇಕು. ರೋಗದ ವಿವರ ಸಂಶೋಧನೆಗೆ ಬೇಕಾಗಿಲ್ಲ.