ಓವರ್‌ಟೇಕ್ ಮೀಮಾಂಸೆ: ಒಂದು ತಾತ್ವಿಕ ಚೌಕಟ್ಟಿನತ್ತ

ಹೆದ್ದಾರಿಯೆಂಬ ಸಾರ್ವಜನಿಕ ಅವಕಾಶದಲ್ಲಿ ವೇಗಿ ಮತ್ತು ಮಂದಗಾಮಿಗಳ ನಡುವೆ ಏರ್ಪಡುವ ಮುಖಾಮುಖಿಯನ್ನು, ನಿಖರವಾಗಿ ಹೇಳುವುದಾದರೆ ಮುಖ ಮತ್ತು ಬೆನ್ನಿನ ಮುಖಾಮುಖಿಯನ್ನು, ಅನುಸಂಧಾನದ ನೆಲೆಯಲ್ಲಿ ಗ್ರಹಿಸಬಲ್ಲ ತಾತ್ವಿಕ ಚೌಕಟ್ಟೊಂದನ್ನು ಕಟ್ಟಿಕೊಡುವುದು ಪ್ರಸ್ತುತ ಪ್ರಬಂಧದ ಆಶಯ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರ ಸಂಕಿರಣಗಳಲ್ಲಿ ಊಟದ ಹೊತ್ತಿನ ತನಕ ಇಂಥವನ್ನೇ ಬಡಿಸುತ್ತಾರೆ. ಕೇಳಿ ಯಾರೂ ಸತ್ತಿಲ್ಲ.

ಮೂಲಗ್ರಂಥದಿಂದ ಆರಂಭಿಸುವುದು ಸಂಪ್ರದಾಯ. ಈ ಶಾಸ್ತ್ರಕ್ಕೆ 1988ರ ಮೋಟಾರು ವಾಹನ ಕಾಯ್ದೆಯೇ ಮೂಲ. 2017ರ ಚಾಲನಾ ನಿಯಮಾವಳಿ ಅದರ ಭಾಷ್ಯ. ಭಾಷ್ಯದ ಸಾರ ಇಷ್ಟು: ಆದಷ್ಟೂ ಎಡಕ್ಕಿರು. ಮುಂದಿನ ಗಾಡಿಯನ್ನು ಬಲದಿಂದ ದಾಟು. ಅದು ಬಲಕ್ಕೆ ತಿರುಗಲೆಂದು ಸನ್ನೆ ಕೊಟ್ಟು ನಡುರಸ್ತೆಗೆ ಬಂದಿದ್ದರೆ ಮಾತ್ರ ಎಡದಿಂದ ಹೋಗು. ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ, ಎದುರಿನದು ಕಾಣದ ಕಡೆ ದಾಟಲೇಬೇಡ. ನಿನ್ನನ್ನು ಇನ್ನೊಬ್ಬ ದಾಟುವಾಗ ವೇಗ ಹೆಚ್ಚಿಸಬೇಡ. 2019ರ ತಿದ್ದುಪಡಿಯ ನಂತರ ಕಾನೂನು ಮೀರಿದ ಓವರ್‌ಟೇಕ್ ಕೂಡ 184ನೇ ಸೆಕ್ಷನ್ನಿನ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿದೆ. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ ಎರಡೂ.

ಹೈಸ್ಕೂಲು ಹುಡುಗನಿಗೂ ತಿಳಿಯುವ ಮಾತು. ಹಾಗಾಗಿಯೇ ಇದರ ಮೇಲೆ ಯಾರೂ ಪಿಎಚ್.ಡಿ. ಮಾಡಲಿಲ್ಲ. ಪಾಂಡಿತ್ಯವೆಲ್ಲ ರಸ್ತೆಯ ಮೇಲೆಯೇ ಪಂಥಗಳಾಗಿ ಬೆಳೆಯಿತು. ನನ್ನ ವರ್ಗೀಕರಣದಂತೆ ಪಂಥಗಳು ಒಟ್ಟು ಒಂಬತ್ತು; ಪ್ರತಿಯೊಂದಕ್ಕೂ ಮೂರು ಉಪಪಂಥ.

ಮೊದಲನೆಯದು ಬಲಪಂಥ. (ರಾಜಕೀಯಕ್ಕೂ ಇದಕ್ಕೂ ಸಂಬಂಧವಿಲ್ಲ, ಎಲ್ಲ ಪಕ್ಷಗಳ ಗಾಡಿಗಳೂ ಇದರಲ್ಲಿವೆ.) ಡಿವೈಡರಿನ ಪಕ್ಕದ ಪಥ ದಾಟಿ ಹೋಗುವವರಿಗೆಂದು ಇರುವುದು. ಬಲಪಂಥೀಯರು ಅದನ್ನು ಪಿತ್ರಾರ್ಜಿತ ಆಸ್ತಿಯೆಂದು ಭಾವಿಸಿ ಕೆಂಗೇರಿ ದಾಟಿದ ಕೂಡಲೇ ಹಿಡಿದರೆ ಮೈಸೂರಿನ ತನಕ ಬಿಡುವುದಿಲ್ಲ. ಇವರಲ್ಲಿ ಮೌನಿ ಎಂಬ ಉಪಪಂಥದವನು ಗಂಟೆಗೆ ಅರವತ್ತರಲ್ಲಿ, ಕಿವಿಗೆ ಫೋನ್ ಒತ್ತಿಕೊಂಡು, ಹಿಂದಿನ ಲೋಕವನ್ನು ತ್ಯಜಿಸಿ ಸಾಗುತ್ತಾನೆ. ಅವನ ಕನ್ನಡಿ ತಲೆ ಬಾಚಲು. ಎರಡನೆಯವನು ನೀತಿವಾದಿ. ಮಿತಿ ನೂರು, ನಾನು ತೊಂಬತ್ತೊಂಬತ್ತು, ನನ್ನನ್ನು ದಾಟಲು ಬಯಸುವವನು ಅಪರಾಧಿ, ಅವನನ್ನು ತಡೆಯುವುದು ಪುಣ್ಯ ಎಂಬುದು ಇವನ ಪ್ರಮೇಯ. ಸಂಚಾರ ಪೊಲೀಸರ ಕ್ಯಾಮೆರಾ ಕಂಬದ ಮೇಲಿದೆ, ತನ್ನ ಬಾನೆಟ್ಟಿನ ಮೇಲಲ್ಲ ಎಂಬುದು ಅವನಿಗೆ ಹೊಳೆಯುವುದಿಲ್ಲ. ಮೂರನೆಯವನು ಅಭಿಮಾನಧನ. ಅದುವರೆಗೆ ಎಪ್ಪತ್ತರಲ್ಲಿ ಹೋಗುತ್ತಿದ್ದವನು ನಿಮ್ಮ ಗಾಡಿಯ ಮೂತಿ ತನ್ನ ಕಿಟಕಿಗೆ ಸಮವಾದ ಕ್ಷಣ ನೂರಹತ್ತಕ್ಕೆ ಏರುತ್ತಾನೆ. ರನ್ನನ ದುರ್ಯೋಧನನಾದರೂ ಕೊನೆಗೆ ಕೊಳದಲ್ಲಿ ಅಡಗಿ ಕುಳಿತ. ಇವನು ಅದಕ್ಕೂ ಒಪ್ಪುವವನಲ್ಲ.

ಬಲಪಂಥದ ಪ್ರತಿಕ್ರಿಯೆಯಾಗಿ ಹುಟ್ಟಿದ್ದು ಎಡಪಂಥ. ಬಲ ಮುಚ್ಚಿದ್ದರಿಂದ ಎಡದಿಂದ ನುಗ್ಗುವುದು ಇವರ ಕಾರ್ಯಕ್ರಮ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ವಾದ ಒಪ್ಪತಕ್ಕದ್ದೇ. ಆದರೆ ಎಡಪಥದ ವಾಸ್ತವ ಬೇರೆ. ಅಲ್ಲಿ ಆಕ್ಸಲ್ ಮುರಿದ ಲಾರಿ ನಿಂತಿರುತ್ತದೆ. ಅದರ ಹಿಂದೆ ಎಚ್ಚರಿಕೆಯ ಫಲಕದ ಬದಲು ಒಂದು ರೆಂಬೆ ಸೊಪ್ಪು, ನಾಲ್ಕು ಕಲ್ಲು. ಲಾರಿ ರಿಪೇರಿಯಾಗಿ ಹೋದ ಮೇಲೂ ಕಲ್ಲುಗಳು ಅಲ್ಲೇ ಇರುತ್ತವೆ, ಮುಂದಿನ ಪೀಳಿಗೆಗೆಂದು. ಇನ್ನು ಮಧ್ಯಮಮಾರ್ಗಿಗಳು. ಬಿಳಿ ಗೆರೆಯನ್ನು ಎರಡು ಚಕ್ರಗಳ ನಡುವೆ ಇಟ್ಟುಕೊಂಡು, ಯಾವ ಪಥಕ್ಕೂ ನೋವಾಗದಂತೆ ಹೋಗುವವರು. ಇವರ ಬಗ್ಗೆ ಹೆಚ್ಚು ಹೇಳುವುದು ಬೇಡ, ಕೈ ಬಿಗಿಯಾಗುತ್ತದೆ.

ಗಜಗಮನ ಪಂಥಕ್ಕೆ ಮಾತ್ರ ಗಣಿತ ಬೇಕು. ಲಾರಿಗಳಿಗೆ ಎಂಬತ್ತಕ್ಕೆ ಕಟ್ಟುವ ವೇಗ ನಿಯಂತ್ರಕವಿದೆಯಷ್ಟೆ. ಎಪ್ಪತ್ತೆಂಟರಲ್ಲಿ ಹೋಗುವ ಒಂದು ಲಾರಿಯನ್ನು ಎಂಬತ್ತರಲ್ಲಿ ಹೋಗುವ ಇನ್ನೊಂದು ದಾಟಲು ನಿಶ್ಚಯಿಸುತ್ತದೆ. ಹಿಂದಿನಿಂದ ಮುಂದಕ್ಕೆ ಬರಲು ನಲವತ್ತು ಮೀಟರ್ ಗಳಿಸಬೇಕೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ ಸಿಗುವುದು ಅರ್ಧ ಮೀಟರಿಗಿಂತ ಒಂದು ಚೂರು ಹೆಚ್ಚು. ಅಂದರೆ 72 ಸೆಕೆಂಡು, 1.6 ಕಿಲೋಮೀಟರು. ಅಷ್ಟು ದೂರವೂ ಹಿಂದೆ ಇಪ್ಪತ್ತು ಗಾಡಿಗಳ ದಿಬ್ಬಣ. ಅಷ್ಟರಲ್ಲಿ ಸಣ್ಣದೊಂದು ಏರು ಬಂದರೆ ಸಿಮೆಂಟು ತುಂಬಿದ ಲಾರಿ ಸೋತು, ಹಿಂದೆ ಬಿದ್ದು, ಮತ್ತೆ ಮೊದಲಿನಿಂದ. ಈ ಲಾಭದಲ್ಲಿ ಅವನು ಊರಿಗೆ ಎಷ್ಟು ಬೇಗ ಮುಟ್ಟಿದನೆಂದು ಲೆಕ್ಕ ಹಾಕಿದರೆ ಅರ್ಧ ಬೀಡಿ ಸೇದುವಷ್ಟು ಹೊತ್ತೂ ಉಳಿಯುವುದಿಲ್ಲ.

ಈಗ ಧ್ವನಿಸಿದ್ಧಾಂತ. ಆನಂದವರ್ಧನ ಕಾಶ್ಮೀರದಲ್ಲಿ ಕುಳಿತು ಬರೆದದ್ದು ನಮ್ಮ ಲಾರಿಯ ಬಲ ಇಂಡಿಕೇಟರಿಗೆಂದೇ ಇರಬೇಕು. ಅದರ ವಾಚ್ಯಾರ್ಥ: ನಾನು ಬಲಕ್ಕೆ ತಿರುಗುತ್ತೇನೆ. ಲಕ್ಷ್ಯಾರ್ಥ: ಎದುರಿಗೆ ಗಾಡಿ ಬರುತ್ತಿದೆ, ಬರಬೇಡ. ವ್ಯಂಗ್ಯಾರ್ಥ: ಬಲ ಖಾಲಿಯಿದೆ, ಬಾರಪ್ಪ ಬಾ. ಇವಲ್ಲದೆ, ಹಿರಿಯೂರಿನಲ್ಲಿ ಹಾಕಿದ್ದನ್ನು ಆರಿಸಲು ಮರೆತಿದ್ದಾನೆ ಎಂಬ ನಾಲ್ಕನೆಯ ಅರ್ಥವೂ ಉಂಟು. ಆಲಂಕಾರಿಕರು ಅದನ್ನು ಗಮನಿಸಿಲ್ಲ. ಸಹೃದಯ ಎಂಬವನು ಈ ನಾಲ್ಕರಲ್ಲಿ ಸರಿಯಾದುದನ್ನು ಎರಡು ಸೆಕೆಂಡಿನೊಳಗೆ ಆರಿಸಿಕೊಂಡು ಬದುಕಿ ಉಳಿದವನು.

ಮೊದಲು ಈ ಗೊಂದಲವಿರಲಿಲ್ಲ. ಲಾರಿಯಲ್ಲಿ ಕ್ಲೀನರ್ ಇರುತ್ತಿದ್ದ. ಎಡಗಿಟಕಿಯಿಂದ ಸೊಂಟದ ತನಕ ಹೊರಗೆ ಬಾಗಿ, ಮುಂದೆ ನೋಡಿ, ಕೈ ಬೀಸಿದರೆ ಹೋಗಬಹುದು. ಅಂಗೈ ಕೆಳಗೊತ್ತಿದರೆ ನಿಲ್ಲಬೇಕು. ಆ ಕೈಗೆ ವ್ಯಂಗ್ಯಾರ್ಥವಿರಲಿಲ್ಲ. ಖರ್ಚು ಉಳಿಸಲೆಂದು ಎಷ್ಟೋ ಲಾರಿಗಳಿಂದ ಆ ಹುಡುಗನನ್ನು ಇಳಿಸಿದ್ದಾರೆ. ಹಾಗೆಯೇ ಘಾಟಿಯಲ್ಲಿ ಇಳಿಯುವವನು ನಿಂತು ಏರುವವನಿಗೆ ದಾರಿ ಕೊಡಬೇಕು ಎಂಬುದು ನಿಯಮ. ಚಾರ್ಮಾಡಿಯಲ್ಲಿ ಹಳೆಯ ಡ್ರೈವರುಗಳು ಅದನ್ನು ಇಂದಿಗೂ ಪಾಲಿಸುತ್ತಾರೆ. ವಾರಾಂತ್ಯಕ್ಕೆ ಜಲಪಾತ ನೋಡಲು ಬರುವ ವಿದ್ಯಾವಂತರು ಹೆಡ್‌ಲೈಟು ಮಿನುಗಿಸಿ ಅವರನ್ನೇ ಹಿಂದಕ್ಕೆ ಸರಿಸುತ್ತಾರೆ.

ಒಂಬತ್ತು ಪಂಥಗಳಲ್ಲಿ ಐದು ಬಾಕಿಯಿವೆ. ಬಾಕಿಯೇ ಇರಲಿ.

ಏಕೆಂದರೆ ಇದುವರೆಗೆ ಹೇಳಿದ ಪಂಥಗಳ ತಮಾಷೆಯೆಲ್ಲ ಡಿವೈಡರ್ ಇರುವ ರಸ್ತೆಯದು. ಎರಡೇ ಪಥದ ರಸ್ತೆಯಲ್ಲಿ ಲೆಕ್ಕವೇ ಬೇರೆ. ಅರವತ್ತರ ಲಾರಿಯನ್ನು ಎಂಬತ್ತರ ಕಾರು ದಾಟಲು ಸುಮಾರು ಒಂಬತ್ತು ಸೆಕೆಂಡು ಬೇಕು, ಇನ್ನೂರು ಮೀಟರ್ ರಸ್ತೆ. ಅಷ್ಟೇ ಹೊತ್ತಿನಲ್ಲಿ ಎದುರಿನ ಗಾಡಿಯೂ ಇನ್ನೂರು ಮೀಟರ್ ಈಚೆಗೆ ಬಂದಿರುತ್ತದೆ. ನಾನೂರು ಮೀಟರ್ ಕಣ್ಣಿಗೆ ಕಾಣದಿದ್ದರೆ ಅದು ಜೂಜು, ಮತ್ತು ಪಣಕ್ಕಿಟ್ಟದ್ದು ಎದುರಿನವನ ಹೆಂಡತಿ ಮಕ್ಕಳನ್ನು. ಇದನ್ನು ಡ್ರೈವಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಅಲ್ಲಿ ಎಂಟರ ಆಕಾರದಲ್ಲಿ ಓಡಿಸಲು ಕಲಿಸುತ್ತಾರೆ.

ಹುಬ್ಬಳ್ಳಿ–ಧಾರವಾಡ ಬೈಪಾಸ್ ಹಾಗಿತ್ತು. ಹೆದ್ದಾರಿ ಎರಡೂ ಕಡೆಯಿಂದ ಅಗಲವಾಗಿ ಬಂದು, ಗಬ್ಬೂರಿನಿಂದ ನರೇಂದ್ರದ ತನಕ ಸುಮಾರು 30 ಕಿ.ಮೀ. ಎರಡೇ ಪಥಕ್ಕೆ ಇಕ್ಕಟ್ಟಾಗುತ್ತಿತ್ತು, ನಡುವೆ ಡಿವೈಡರ್ ಇರಲಿಲ್ಲ, ಟೋಲ್ ಇತ್ತು. 2021ರ ಜನವರಿ 15ರ ಬೆಳಿಗ್ಗೆ ಸಂಕ್ರಾಂತಿ ಮುಗಿಸಿ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊ ಟ್ರಾವೆಲರಿಗೆ ಅಲ್ಲಿ ಟಿಪ್ಪರ್ ಎದುರಾಯಿತು. ಒಂದೇ ಶಾಲೆಯಲ್ಲಿ ಓದಿದವರು. ಹತ್ತಕ್ಕೂ ಹೆಚ್ಚು ಜನ ಹೋದರು. ಮೂರು ದಿನ ಕಳೆದು, 18ರಂದು, ದೆಹಲಿಯಲ್ಲಿ ದೇಶದ ಮೊದಲ ರಸ್ತೆ ಸುರಕ್ಷತಾ ಮಾಸ ಉದ್ಘಾಟನೆಯಾಯಿತು. ಅಲ್ಲಿಯ ತನಕ ಅದು ಸಪ್ತಾಹವಾಗಿತ್ತು. ಭಾಷಣಕ್ಕೆ ಒಂದು ವಾರ ಸಾಲದೆಂದು ತಿಂಗಳಿಗೆ ಹಿಗ್ಗಿಸಿದರು; ಬೈಪಾಸಿನ ಅಗಲೀಕರಣಕ್ಕೆ ಇನ್ನೂ ವರ್ಷಗಳು ಹಿಡಿದವು.

ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಎಲ್ಲ ಠಾಣೆಗಳ ಎಫ್‌ಐಆರ್‌ನಲ್ಲೂ ಒಂದೇ ಒಕ್ಕಣೆ: ಚಾಲಕನು ದುಡುಕು ಮತ್ತು ನಿರ್ಲಕ್ಷ್ಯತನದಿಂದ ಚಲಾಯಿಸಿ. ಚಾಲಕ ದುಡುಕುತ್ತಾನೆ, ಹೌದು. ಬಲಪಂಥದವನೂ ಅಭಿಮಾನಧನನೂ ಕೊಲೆಗಡುಕರೇ, ನಕ್ಕು ಬಿಡುವ ಪಾತ್ರಗಳಲ್ಲ. ಆದರೆ ರಸ್ತೆ ನಕ್ಷೆ ಮಾಡಿದವನ, ಗುತ್ತಿಗೆ ಹಿಡಿದವನ, ಟೋಲ್ ಎಣಿಸಿದವನ ದುಡುಕಿಗೆ ಆ ಒಕ್ಕಣೆಯಲ್ಲಿ ಜಾಗವಿಲ್ಲ.

ಕಾನೂನಿನಲ್ಲಿ ಜಾಗವಿದೆ. ಅದೇ 2019ರ ತಿದ್ದುಪಡಿ 198ಎ ಎಂಬ ಸೆಕ್ಷನ್ ಸೇರಿಸಿತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಹೊಣೆ ಹೊತ್ತವರು ಸುರಕ್ಷತೆಯ ಮಾನದಂಡ ಪಾಲಿಸದೆ ಸಾವಿಗೆ ಕಾರಣರಾದರೆ ಅವರಿಗೂ ದಂಡ. ಜೈಲಿಲ್ಲ. ದಂಡ ಹೆಚ್ಚೆಂದರೆ ಒಂದು ಲಕ್ಷ ರೂಪಾಯಿ. ಮುಂಭಾಗ ನಜ್ಜುಗುಜ್ಜಾದ ಕಾರನ್ನು ಶೋರೂಮಿನ ಗ್ಯಾರೇಜಿಗೆ ಎಳೆದುಕೊಂಡು ಹೋದರೆ ಅದಕ್ಕಿಂತ ಹೆಚ್ಚಿನ ಎಸ್ಟಿಮೇಟು ಕೊಡುತ್ತಾರೆ.