ಕತ್ತರಿ ಪ್ರಯೋಗ, ಕರ್ಮಣಿ ಪ್ರಯೋಗ

ಪತ್ರಿಕೆಯೊಂದನ್ನು ನಂಬಬಹುದೋ ಇಲ್ಲವೋ ಎಂದು ತಿಳಿಯಲು ಬೆಂಗಳೂರಿನವರು ವಿಚಾರ ಸಂಕಿರಣ ಮಾಡುತ್ತಾರೆ. ಅಂಕೋಲೆ ಕಡೆಯ ನಮ್ಮ ರಾಮನಗುಳಿಯ ಚಾದಂಗಡಿಯವ ಅದರಲ್ಲಿ ಬನ್ಸ್ ಕಟ್ಟಿ ನೋಡುತ್ತಾನೆ. ದಿನಪತ್ರಿಕೆ ಎಣ್ಣೆ ಹೀರುತ್ತದೆ. ವಾರ್ತಾ ಇಲಾಖೆ ಹೊರತರುವ ‘ಜನಪದ’ದ ನುಣುಪು ಹಾಳೆ ಒಂದು ತೊಟ್ಟನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಗಿನದೇನೂ ಅಂಟದ ಕಾಗದ ಎಂಬುದು ಅವನ ತೀರ್ಪು. ಹಿಂದೆ ‘ಸೋವಿಯತ್ ಲ್ಯಾಂಡ್’ ಪತ್ರಿಕೆ ಕೂಡ ಹೀಗೇ ಇತ್ತು. ಓದಿದವರಿಗಿಂತ ಶಾಲೆ ಪುಸ್ತಕಕ್ಕೆ ಬೈಂಡು ಹಾಕಿಕೊಂಡವರೇ ಹೆಚ್ಚು. 1991ರಲ್ಲಿ ದೇಶವೇ ಕಳಚಿಕೊಂಡಿತು, ಬೈಂಡು ಕಳಚಲಿಲ್ಲ.

ಸರಕಾರಿ ಪತ್ರಿಕೆ ಸುಳ್ಳು ಬರೆಯುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸುಳ್ಳು ಹೇಳಲು ಯಾರಾದರೂ ಒಬ್ಬ ಬೇಕಲ್ಲ! ಅಲ್ಲಿ ಕರ್ತೃವೇ ಇರುವುದಿಲ್ಲ. ‘ಕ್ರಮ ಕೈಗೊಳ್ಳಲಾಗುವುದು’, ‘ಅನುದಾನ ಬಿಡುಗಡೆ ಮಾಡಲಾಗುವುದು’. ಯಾರು, ಯಾವಾಗ ಎಂದು ಕೇಳಿದರೆ ನೀವು ವ್ಯಾಕರಣ ಓದಿಲ್ಲ ಎಂದರ್ಥ. ಶಂಕುಸ್ಥಾಪನೆಯ ದಿನ ಮಾತ್ರ ಕರ್ತೃ ಹಾರ, ಪೇಟ, ಪದವಿ ಸಮೇತ ಪ್ರತ್ಯಕ್ಷನಾಗುತ್ತಾನೆ. ಬೆನ್ನಿಗೆ ಶಿಷ್ಟಾಚಾರದ ಪ್ರಕಾರ ಉಳಿದ ಹನ್ನೆರಡು ಹೆಸರು. ರಿಬ್ಬನ್ನಿಗೆ ಕತ್ತರಿ ಪ್ರಯೋಗ, ವಿಳಂಬಕ್ಕೆ ಕರ್ಮಣಿ ಪ್ರಯೋಗ.

2019ರ ಆಗಸ್ಟ್ ನೆರೆಯಲ್ಲಿ ಗಂಗಾವಳಿ ನಮ್ಮ ತೂಗುಸೇತುವೆಯನ್ನು ಕೊಚ್ಚಿಕೊಂಡು ಹೋದಳು. ಆಚೆ ದಡದ ಡೋಂಗ್ರಿ ಕಡೆಯವರಿಗೆ ಅದು ಪೇಟೆ, ಬಸ್ಸು, ಆಸ್ಪತ್ರೆಯ ದಾರಿ. ‘ಹೊಳೆ ಸೇತುವೆ ಒಯ್ತು’ ಎಂಬುದು ಊರವರ ಕನ್ನಡ. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇವೆ. ಸರಕಾರಿ ಕನ್ನಡದಲ್ಲಿ ಅದು ‘ಅತಿವೃಷ್ಟಿಯಿಂದ ಹಾನಿಗೊಳಗಾದ ಮೂಲಸೌಕರ್ಯ’. ಈ ವಾಕ್ಯದ ಮೇಲೆ ಹತ್ತಿ ಯಾರೂ ಹೊಳೆ ದಾಟಲಾರರು.

ರೈಲಿನ ವಿಷಯ ಇನ್ನೂ ರುಚಿ. ತುರ್ತುಪರಿಸ್ಥಿತಿಯಲ್ಲಿ ರೈಲುಗಳು ಸರಿಯಾದ ಹೊತ್ತಿಗೆ ಓಡುತ್ತಿವೆ ಎಂಬ ಹೊಗಳಿಕೆಯನ್ನು ಅಂಕೋಲೆಯವರೂ ತಲೆಯಾಡಿಸಿ ಕೇಳಿದರು. ಆಗ ಅಂಕೋಲೆಗೆ ರೈಲೇ ಇರಲಿಲ್ಲ! ಕೊಂಕಣ ರೈಲು ಪೂರ್ತಿ ತೆರೆದುಕೊಂಡದ್ದು 1998ರಲ್ಲಿ. ಇಲ್ಲದ ರೈಲು ತಡವಾಗುವುದಾದರೂ ಹೇಗೆ? ಅದೇ ಕಾಲಕ್ಕೆ, 1997-98ರಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲು ಈ ತತ್ವವನ್ನು ಇವತ್ತಿಗೂ ಪಾಲಿಸುತ್ತಿದೆ. ಎಲ್ಲ ಬಣ್ಣದ ಸರಕಾರಗಳೂ ಬಂದು ಅದಕ್ಕೆ ‘ಶೀಘ್ರ ಚಾಲನೆ’ಯ ಹಸಿರು ಬಾವುಟ ಬೀಸಿವೆ. ಘಟ್ಟದ ಕಾಡು ಸೀಳಿ ಬರುವ ರೈಲು ಬೇಕೇ ಎಂಬುದು ನಿಜವಾದ ಜಗಳ. ಬೇಡ ಎನ್ನುವವರ ಪಕ್ಕ ನಾನೂ ಒಮ್ಮೊಮ್ಮೆ ನಿಲ್ಲುತ್ತೇನೆ, ಹುಬ್ಬಳ್ಳಿ ಬಸ್ಸಿಗಾಗಿ ನಿಂತಾಗ ಆಚೆ ಪಕ್ಕಕ್ಕೆ ಹೋಗುತ್ತೇನೆ. ನುಣುಪು ಹಾಳೆಯ ಮೇಲೆ ಆ ಜಗಳ ನಿಲ್ಲುವುದಿಲ್ಲ, ಜಾರಿಬಿಡುತ್ತದೆ.

ಹಾಗಾದರೆ ಖಾಸಗಿ ಪತ್ರಿಕೆ ನಂಬೋಣ ಎನ್ನುತ್ತೀರಾ? ಒಂದು ದಿನ ಎರಡು ದಿನಪತ್ರಿಕೆಗಳನ್ನು ಅಂಗಡಿಯ ಬೆಂಚಿನ ಮೇಲೆ ಅಕ್ಕಪಕ್ಕ ಹರಡಿದೆ. ಒಂದೇ ಸುದ್ದಿ, ಒಂದೇ ಅಲ್ಪವಿರಾಮ. ‘ಪಲಾನುಭವಿ’ ಎಂಬ ಕಾಗುಣಿತದ ತಪ್ಪೂ ಎರಡರಲ್ಲೂ ಒಂದೇ ಕಡೆ. ಒಂದರಲ್ಲಿ ‘ನಮ್ಮ ಪ್ರತಿನಿಧಿಯಿಂದ’, ಇನ್ನೊಂದರಲ್ಲಿ ‘ವಿಶೇಷ ವರದಿ’. ಪ್ರತಿನಿಧಿಯ ಮೊಬೈಲಿಗೆ ಬಂದದ್ದು ಸರಕಾರಿ ಪತ್ರಿಕಾ ಪ್ರಕಟಣೆ ಎಂಬುದಕ್ಕೆ ಆ ಬಡಪಾಯಿ ‘ಪ’ ಅಕ್ಷರವೇ ಸಾಕ್ಷಿ ಹೇಳುತ್ತಿತ್ತು. ಕೆಳಗೆ ಕಾಲುಪುಟ ಸರಕಾರಿ ಜಾಹೀರಾತು. ಜಾಹೀರಾತಿನ ಕೆಳಗಾದರೂ ಇಲಾಖೆಯ ಹೆಸರಿತ್ತು. ಆ ಲೆಕ್ಕದಲ್ಲಿ ‘ಜನಪದ’ ಮಾನವಂತ. ತಾನು ಯಾರ ಮನೆಯ ಕೂಸು ಎಂದು ಮೈಮೇಲೇ ಬರೆದುಕೊಂಡಿರುತ್ತದೆ.

ಸರಕಾರ ಅಚ್ಚು ಹಾಕುವ ಕಾಗದಗಳಲ್ಲಿ ನಮ್ಮ ಕಡೆಯವರು ಕಣ್ಣುಮುಚ್ಚಿ ನಂಬುವುದು ಒಂದನ್ನೇ: ರಾಜ್ಯಪತ್ರ, ಅಂದರೆ ಗೆಜೆಟ್. ಅದರಲ್ಲಿ ಫೋಟೋ ಇಲ್ಲ, ನುಣುಪಿಲ್ಲ, ಹಾರವಿಲ್ಲ. ಸರ್ವೆ ನಂಬರು, ಹಿಸ್ಸಾ, ಗುಂಟೆ, ಆಣೆ, ಚಕ್ಕುಬಂದಿ. ಸೀಬರ್ಡ್ ನೌಕಾನೆಲೆಗೆ ಕಾರವಾರ–ಅಂಕೋಲೆ ಕರಾವಳಿಯ ಸಾವಿರಾರು ಕುಟುಂಬ ಮನೆ, ಗದ್ದೆ ಬಿಟ್ಟೆದ್ದವು. ತೆಗೆದುಕೊಂಡ ಗುಂಟೆಯ ಲೆಕ್ಕ ಬೇಗ ಮುಗಿಯಿತು, ಪರಿಹಾರದ ಲೆಕ್ಕ ದಶಕಗಟ್ಟಲೆ ಕೋರ್ಟು ಸುತ್ತಿತು. ಈಗ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಸರದಿ. ಕೊಡುವಾಗ ‘ಲಾಗುವುದು’ ಎನ್ನುವ ಸರಕಾರ ತೆಗೆದುಕೊಳ್ಳುವಾಗ ಎಷ್ಟು ಸ್ಪಷ್ಟ ಕನ್ನಡ ಬರೆಯುತ್ತದೆ ನೋಡಿ.

ಮೊನ್ನೆ ನಾನು ಉತ್ಸಾಹದಿಂದ ರೈಲಿನ ಸುದ್ದಿ ಓದಿ ಹೇಳಿದೆ. ಅಂಗಡಿಯವ ಬಾಣಲೆಯಿಂದ ತಲೆ ಎತ್ತಲಿಲ್ಲ.

“ಗೆಜೆಟ್ಟಲ್ಲಿ ಬಂತನಾ ತಮಾ?”

“ಇಲ್ಲ.”

“ಹಾಂಗಾರೆ ಆ ಹಾಳೆ ಇತ್ಲಾಗೆ ಕೊಡು. ಎರಡು ಬನ್ಸ್ ಪಾರ್ಸೆಲ್ ಇದ್ದು.”